ಬುಟ್ಟಿ ಮಿಸ್ ತೆಗೆದ ಗಮನದ ಫೋಟೊ

ಚರಿತ್ರೆ ಪಾಠ ಮಾಡುವ ಮೇಡಂಗೆ ಮಕ್ಕಳು ಇಟ್ಟ ಹೆಸರು ಬುಟ್ಟಿ ಮಿಸ್. ಒಂಬತ್ತನೇ ತರಗತಿಯ ಬಾಗಿಲಲ್ಲಿ ಬೆತ್ತದ ಬುಟ್ಟಿ ಹಿಡಿದು ನಿಂತು, ಒಳಗೆ ಹೋಗುವವರ ಮೊಬೈಲನ್ನೆಲ್ಲ ಅದಕ್ಕೆ ಹಾಕಿಸಿಕೊಳ್ಳುತ್ತಿದ್ದರು. ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಬುಟ್ಟಿ ಸುಮ್ಮನಿರುತ್ತಿರಲಿಲ್ಲ; ಸಾಮ್ರಾಜ್ಯವೊಂದು ಕುಸಿಯುವ ಹೊತ್ತಿಗೆ ಸರಿಯಾಗಿ ಯಾರದೋ ಅಮ್ಮ ಫೋನ್ ಮಾಡುತ್ತಿದ್ದಳು. ಆದರೂ ಮಕ್ಕಳು ತಲೆಯೆತ್ತಿ ಕೂರುತ್ತಿದ್ದರು. ಮಿಸ್‌ಗೆ ಅಷ್ಟು ಸಾಕಿತ್ತು.

ಸಂಗತಿ ಹೆಡ್‌ಮಾಸ್ಟರ ಕಿವಿಗೆ ಬಿತ್ತು. ಅವರು ಮೆಚ್ಚಿದರು. ಅಲ್ಲಿಗೆ ಕೆಲಸ ಕೆಟ್ಟಿತು.

“ಮಕ್ಕಳ ಗಮನ ಹೆಚ್ಚಾಗಿದೆ ಅಂತ ಬರೀ ಬಾಯಲ್ಲಿ ಹೇಳಿದ್ರೆ ಆಗಲ್ಲ ಮೇಡಂ. ಪ್ರತಿ ಪಿರಿಯಡ್‌ನಲ್ಲೂ ಒಂದು ಫೋಟೊ ತೆಗೆದು ಶಾಲೆಯ ಆ್ಯಪ್‌ಗೆ ಹಾಕಿ.”

“ಸರ್, ಕ್ಲಾಸಲ್ಲಿ ಮೊಬೈಲ್ ಬೇಡ ಅನ್ನೋಳೇ ನಾನು...”

“ಇದು ಮೊಬೈಲ್ ಅಲ್ಲಮ್ಮ, ದಾಖಲೆ!”

ಮರುದಿನ ಮಿಸ್ ಯುದ್ಧವನ್ನು ಅರ್ಧಕ್ಕೆ ನಿಲ್ಲಿಸಿ ಮೊಬೈಲ್ ತೆಗೆದರು. ಮೊದಲ ಫೋಟೊದಲ್ಲಿ ಒಬ್ಬ ಆಕಳಿಸುತ್ತಿದ್ದ. ಎರಡನೆಯದು ಮಸುಕು. ಮೂರನೆಯದು ಚೆನ್ನಾಗಿ ಬಂತು, ಆದರೆ ನೆಟ್‌ವರ್ಕ್ ಹೋಯಿತು. ಕೊನೆಯ ಬೆಂಚು ಹತ್ತಿ ಕಿಟಕಿಯಾಚೆ ಕೈ ಚಾಚಿದರು. ಅಷ್ಟರಲ್ಲಿ ಮಗಳು ಕಳಿಸಿದ್ದ ಮೊಮ್ಮಗುವಿನ ವಿಡಿಯೊ ಬಂತು. ಒಂದೇ ಸಲ ನೋಡಿದರು. ಮಕ್ಕಳ ಪ್ರಕಾರ, ಮತ್ತೆ ಮತ್ತೆ ನೋಡಿದರು.

ಮಾಡಲು ಬೇರೇನೂ ಇಲ್ಲದೆ ಮಕ್ಕಳು ಪುಸ್ತಕ ಬಿಡಿಸಿದರು.

“ಮಿಸ್,” ಮುಂದಿನ ಬೆಂಚಿನ ಹುಡುಗಿ ಕೂಗಿದಳು, “ಯುದ್ಧ ಮುಗೀತು. ಒಪ್ಪಂದಾನೂ ಆಯ್ತು. ಇಳೀರಿ.”

ಮಿಸ್ ಇಳಿದರು. ನಾಚಿಕೆಯಿಂದ ಮುಖ ಕೆಂಪಾಗಿತ್ತು. ಬೀರು ತೆಗೆದು, ತಮ್ಮ ಮೊಬೈಲನ್ನೂ ಬುಟ್ಟಿಗೆ ಹಾಕಿದರು.

ಅಂದಿನಿಂದ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ಆ ಮೂರನೇ ಫೋಟೊವನ್ನೇ ದಿನವೂ ಆ್ಯಪ್‌ಗೆ ತಳ್ಳಿದರು. ಸಿಕ್ಕಿಬಿದ್ದರೆ ಎಂಬ ದಿಗಿಲಿಗೆ ಮೊದಮೊದಲು ಬಾಗಿಲ ಕಡೆ ನೋಡಿಕೊಂಡೇ ತಳ್ಳುತ್ತಿದ್ದರು. ಬೇಸಿಗೆ ಬಂತು, ಫೋಟೊದ ಮಕ್ಕಳು ಸ್ವೆಟರ್ ಬಿಚ್ಚಲಿಲ್ಲ. ಯಾರೂ ಏನೂ ಕೇಳಲಿಲ್ಲ.

ವರ್ಷದ ಕೊನೆಯ ಸಭೆಯಲ್ಲಿ ಹೆಡ್‌ಮಾಸ್ಟರು ಆ ಫೋಟೊಗಳನ್ನು ಪರದೆಯ ಮೇಲೆ ಸಾಲಾಗಿ ತೋರಿಸಿದರು. “ನೋಡಿ, ಒಂದು ದಿನವಾದ್ರೂ ಒಂದು ಮಗು ಆಚೀಚೆ ನೋಡಿದ್ಯಾ? ಇದಪ್ಪಾ ಗಮನ ಅಂದ್ರೆ! ಮುಂದಿನ ವರ್ಷದಿಂದ ಎಲ್ಲಾ ಮೇಷ್ಟ್ರುಗಳೂ ಹೀಗೇ ಫೋಟೊ ಹಾಕಬೇಕು.”

ಮೇಜಿನ ಕೆಳಗೆ ಮೊಬೈಲ್ ಉಜ್ಜುತ್ತಿದ್ದ ಮೇಷ್ಟ್ರುಗಳು ಬೆಚ್ಚಿಬಿದ್ದು ಚಪ್ಪಾಳೆ ತಟ್ಟಿದರು. ಮಿಸ್‌ಗೆ ತಡೆಯಲಾಗಲಿಲ್ಲ. ಎದ್ದು ನಿಂತರು.

“ಸರ್, ಅವೆಲ್ಲಾ ಒಂದೇ ಫೋಟೊ.”

ಹೆಡ್‌ಮಾಸ್ಟರಿಗೆ ಅಷ್ಟರಲ್ಲಿ ಫೋನ್ ಬಂದಿತ್ತು. “ಒಂದ್ನಿಮಿಷ,” ಎಂದು ಬೆರಳೆತ್ತಿ ಆಚೆ ಹೋದರು.

ಪಕ್ಕದಲ್ಲಿ ಕೂತಿದ್ದ ಗಣಿತದ ಮೇಷ್ಟ್ರು ಮಾತ್ರ ಕೇಳಿಸಿಕೊಂಡಿದ್ದರು. ಬಗ್ಗಿ ಪಿಸುಗುಟ್ಟಿದರು: “ಮೇಡಂ, ಅದನ್ನ ನಂಗೂ ಕಳಿಸ್ತೀರಾ?”