ಕಡಲೆಹಿಟ್ಟಿನ ಅರಿಶಿನ

ಯುದ್ಧದ ಕಾಲ. ಸೀಮೆಎಣ್ಣೆಗೆ ಬರ. ಹಾಗಾಗಿ ಹೊಳೆನರಸೀಪುರದ ನಮ್ಮ ಮಹಿಳಾ ಸಮಾಜದ ನಾಟಕ ಹಾಡಹಗಲೇ ನಡೆಯುತ್ತಿತ್ತು. ಗಂಡಸರಿಗೆ ಪ್ರವೇಶವಿಲ್ಲ. ಮೀಸೆ ಬರೆದುಕೊಂಡ ಹೆಂಗಸರೇ ನಮಗೆ ಗಂಡಸರು. ಅಸಲಿಗಳಿಗಿಂತ ಇವರು ಎಷ್ಟೋ ವಾಸಿ, ನಾಟಕ ಮುಗಿದ ಮೇಲೆ ಮೀಸೆ ಒರೆಸಿಕೊಳ್ಳುತ್ತಿದ್ದರು.

ಆ ವರ್ಷದ ನಾಟಕ ಬರೆದವರು ಸಮಾಜದ ಅಧ್ಯಕ್ಷೆ. ಹಾಸನದಲ್ಲಿ ಓದಿ ಬಂದಿದ್ದ ಸಾಹುಕಾರರ ಸೊಸೆ, ನಮ್ಮ ಜನವೇ. ಚಿಕ್ಕ ವಯಸ್ಸಿಗೆ ಗಂಡ ಸತ್ತ ಮಗಳಿಗೆ ತಾಯಿಯೊಬ್ಬಳು ಊರನ್ನೆಲ್ಲ ಎದುರು ಹಾಕಿಕೊಂಡು, ಚಪ್ಪರ ಹಾಕಿಸಿ, ಕೈಯಾರೆ ಅರಿಶಿನ ಹಚ್ಚಿ ಮತ್ತೆ ಮದುವೆ ಮಾಡುವ ಕಥೆ. ಮಗಳ ಪಾತ್ರ ನನ್ನದು. ತಾಯಿಯ ಪಾತ್ರ ಅಧ್ಯಕ್ಷೆಯ ನಾದಿನಿಯದು. ನಾಟಕ ಹತ್ತಿರ ಬಂದಾಗ ಆಕೆ ಚಳಿಜ್ವರದಿಂದ ಮಲಗಿಬಿಟ್ಟರು.

ತಾಯಿಯ ಮಾತುಗಳು ಬಾಯಿಗೆ ಬರುತ್ತಿದ್ದ ಇನ್ನೊಬ್ಬಳೆಂದರೆ ನನ್ನ ಅವ್ವ. ಮನೆಯಲ್ಲಿ ನಾನು ಅಭ್ಯಾಸ ಮಾಡುವಾಗ ರಾಗಿ ಬೀಸುತ್ತಲೇ ಎದುರು ಮಾತು ಹೇಳುತ್ತಿದ್ದಳು. ಸಮಾಜದಲ್ಲಿ ಅವಳ ಹೆಸರೆತ್ತಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು.

ಕಾರಣ ನನಗೂ ಗೊತ್ತಿತ್ತು. ಅವ್ವನದು ಕೂಡಾವಳಿ. ಮೊದಲ ಗಂಡ ಸತ್ತ ಮೇಲೆ ಅಪ್ಪ ಚಪ್ಪರವಿಲ್ಲದೆ, ವಾಲಗವಿಲ್ಲದೆ, ಒಂದು ಸೀರೆ ಉಡಿಸಿ ಕರೆತಂದ ಸಂಬಂಧ. ಅಪ್ಪ ಗಟ್ಟಿಮುಟ್ಟಾಗಿದ್ದರೂ ಕೂಡಾವಳಿಯವಳು ಮುತ್ತೈದೆಯ ಲೆಕ್ಕಕ್ಕಿಲ್ಲ, ಮದುವಣಗಿತ್ತಿಯ ಅರಿಶಿನ ಮುಟ್ಟುವಂತಿಲ್ಲ. ಹೆತ್ತ ಮಗಳಾದರೂ ಅಷ್ಟೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ವಿಧವೆಗೆ ಮದುವೆ ಮಾಡಿಸಿ ಎಂದು ಕೂಗುವ ನಾಟಕಕ್ಕೆ, ಮದುವೆಯಾದ ವಿಧವೆಯೇ ಆಗಿಬರಲಿಲ್ಲ. ಅವರ ಸುಧಾರಣೆಗಿಷ್ಟು ಬೆಂಕಿ ಹಾಕ.

ಬೇರೆ ಗತಿಯಿಲ್ಲದೆ ಕೊನೆಗೆ ಅವ್ವನನ್ನೇ ಕರೆದರು. ಅವಳು ತಲೆ ಬಾಚಿಕೊಳ್ಳುತ್ತ ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು: "ನಿನ್ ಮದ್ವೇಲಿ ಎಂಗೂ ನನ್ನ ಬುಡಾಕಿಲ್ಲ. ನಾಟ್ಕದಲ್ಲಾದ್ರೂ ಅರಿಸ್ನ ಅಚ್ತೀನಿ ಕಣವ್ವ."

ಮದುವೆಯ ದೃಶ್ಯ ಬಂತು. ನಾನು ಹಸೆಯ ಮೇಲೆ ಕೂತಿದ್ದೆ. ಅವ್ವ ಬಟ್ಟಲಿಗೆ ಬೆರಳದ್ದಿ, ಹಾಗೇ ನಿಂತಳು. ಬೆರಳನ್ನು ಮೂಗಿನ ಹತ್ತಿರ ತಂದಳು. ಆಮೇಲೆ ಕಲಿತ ಮಾತನ್ನೆಲ್ಲ ಬಿಟ್ಟು ಎದುರಿಗೆ ಕೂತಿದ್ದ ಹೆಂಗಸರ ಕಡೆ ತಿರುಗಿದಳು.

"ಇದು ಅರಿಸ್ನ ಅಲ್ಲ ಕಣ್ರವ್ವ, ಕಡ್ಲೆಇಟ್ಟು."

ಸಭೆಗೆ ಸಭೆಯೇ ಘೊಳ್ಳೆಂದು ನಕ್ಕಿತು. ಹಾಸ್ಯದ ಮಾತೆಂದೇ ತಿಳಿದರು. ಕಣ್ಣೀರು ಬರುವಷ್ಟು ನಕ್ಕವರೂ ಇದ್ದರು. ಅವ್ವ ನಗು ನಿಲ್ಲುವವರೆಗೆ ಕಾದು, ಆ ಹಿಟ್ಟನ್ನೇ ನನ್ನ ಎರಡೂ ಕೆನ್ನೆಗೆ ಸವರಿ, ಉಳಿದ ಮಾತುಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಒಣಗಿದ ಹಿಟ್ಟು ನಾನು ಬಾಯಿ ತೆರೆದಾಗಲೆಲ್ಲ ಚರ್ಮ ಹಿಡಿದೆಳೆಯುತ್ತಿತ್ತು. ನನಗೆ ಆ ಪರದೆಯನ್ನು ಕಿತ್ತೆಸೆಯುವಷ್ಟು ಸಿಟ್ಟು ಬಂದಿತ್ತು.

ಒಳಗೆ ಹೋದ ಮೇಲೆ ಅಧ್ಯಕ್ಷೆಯನ್ನು ಕೇಳಿಯೇಬಿಟ್ಟೆ. ಬಟ್ಟಲು ಬದಲಿಸಿದ್ದು ಅವರೇ. ನನ್ನ ಒಳ್ಳೆಯದಕ್ಕೇ ಹಾಗೆ ಮಾಡಿದರಂತೆ, ಮುಂದೆ ಮದುವೆಯಾಗಬೇಕಾದ ಹುಡುಗಿ, ನಾಟಕವಾದರೂ ಅರಿಶಿನ ಅರಿಶಿನವೇ ಅಂತೆ. ಅವ್ವನಿಗೆ ಹಾಸ್ಯ ಚೆನ್ನಾಗಿ ಒಲಿದಿದೆ ಎಂದು ಹೊಗಳಿಕೆ ಬೇರೆ.

ಮಾರನೆಯ ವರ್ಷ ಚನ್ನರಾಯಪಟ್ಟಣದ ಕಡೆಯ ಗಂಡು ಗೊತ್ತಾಯಿತು. ಚಪ್ಪರದಲ್ಲಿ ಹಿರಿಯ ಮುತ್ತೈದೆಯಾಗಿ ಬಟ್ಟಲು ಹಿಡಿದು ಬಂದವರು ಅದೇ ಅಧ್ಯಕ್ಷೆ. ನಾನು ಮುಖ ಪಕ್ಕಕ್ಕೆ ತಿರುಗಿಸಿ, ಅವ್ವ ಬಂದು ಹಚ್ಚಲಿ ಎಂದೆ. ಅಪ್ಪ ಗದರಿದರು. ಗಂಡಿನ ಕಡೆಯವರು ಎದ್ದು ನಿಂತರು. ನಾನು ಜಗ್ಗಲಿಲ್ಲ.

ಅಡುಗೆಮನೆಯ ಬಾಗಿಲ ಹಿಂದಿನಿಂದ ಅವ್ವನ ದನಿ ಬಂತು.

"ಅಚ್ಚುಸ್ಕೊ ಮಗ. ಮೂರ್ತಕ್ಕೆ ಒತ್ತಾಯ್ತದೆ."

ಹಚ್ಚಿಸಿಕೊಂಡೆ.