ನಾನು ಇಳಿಸದೆ ಬಿಟ್ಟ ಗಾಳಿ

ನನ್ನ ಗ್ಯಾರೇಜು ಶಿಗ್ಗಾವಿಯಲ್ಲಿ, ಹೈವೇಗೆ ಮುಖ ಮಾಡಿಕೊಂಡಿದೆ. ಹುಬ್ಬಳ್ಳಿಯ ದೊಡ್ಡ ವರ್ಕ್‌ಶಾಪಿನಲ್ಲಿ ಹತ್ತು ವರ್ಷ ಫಾರಿನ್ ಗಾಡಿಗಳ ಕೆಳಗೆ ಮಲಗಿ ಬಂದವನು ಅಂತ ಹಾನಗಲ್ಲು, ಸವಣೂರು, ಹಿರೇಕೆರೂರಿನ ಉಳ್ಳವರೆಲ್ಲ ಗಾಡಿ ಕೊಳ್ಳುವ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾರೆ. ಕೇಳದಿದ್ದರೆ ನನಗೆ ಸಿಟ್ಟು ಬರುತ್ತದೆ. ಕೇಳಿ, ನಾನು ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಕೊಂಡರೆ ಇನ್ನೂ ಸಿಟ್ಟು. "ನಿಮ್ಮದು ಗ್ಯಾರೇಜ್ ಅಲ್ಲರಿ, ಪಂಚಾಯ್ತಿ ಕಟ್ಟಿ" ಅನ್ನುತ್ತಾಳೆ ನನ್ನ ಹೆಂಡತಿ. ಅನ್ನಲಿ. ಗಾಡಿಗಳ ವಿಷಯದಲ್ಲಿ ನನ್ನ ಮಾತು ಸುಳ್ಳಾದದ್ದು ಕಡಿಮೆ. ಇಲ್ಲಿ ಬರೆಯುತ್ತಿರುವ ಸಂಗತಿಯಲ್ಲೂ ಗಾಡಿಯ ಬಗ್ಗೆ ನಾನು ಹೇಳಿದ್ದು ನೂರಕ್ಕೆ ನೂರು ಸರಿ ಇತ್ತು. ಸುಳ್ಳು ಹೇಳಿದ್ದು ಒಬ್ಬ ಮನುಷ್ಯನಿಗೆ.

ಹಾನಗಲ್ಲಿನಲ್ಲಿ ಭತ್ತದ ಗಿರಣಿ ಇರುವ ಸಾವುಕಾರರೊಬ್ಬರು. ಅವರ ಹೊಲಗಳಿರುವುದು ಹಿರೇಕೆರೂರು ತಾಲ್ಲೂಕಿನಲ್ಲಿ, ಅಬಲೂರಿನ ಆಚೆ, ಕಪ್ಪು ಎರೆ ನೆಲ. ಅವರಲ್ಲಿ ಹದಿನಾಲ್ಕು ವರ್ಷದ ಹಳೆಯದೊಂದು ಜಪಾನಿ ಗಾಡಿ ಇತ್ತು. ಎತ್ತರದ್ದು, ನಾಲ್ಕೂ ಗಾಲಿಗೆ ಎಳೆತ ಇರುವಂಥದ್ದು, ಕೊಂಡಾಗ ಊರೇ ಬಂದು ಮುಟ್ಟಿ ನೋಡಿ ಹೋದದ್ದು. ಈಗ ಮಗನಿಗೆ ಅದು ಬೇಸರವಾಗಿತ್ತು. ಪುಣೆಯ ದಲಾಲಿಯೊಬ್ಬನಿಂದ ಎರಡು ವರ್ಷ ಓಡಿದ ಜರ್ಮನ್ ಗಾಡಿಯೊಂದನ್ನು ತರಿಸಿದ್ದ. ಹದಿನೈದು ದಿನ ಓಡಿಸಿ ನೋಡಿ, ಒಪ್ಪಿದರೆ ಇಟ್ಟುಕೊಳ್ಳುವುದು. ಮನೆಯಲ್ಲಿ ಎರಡು ದೊಡ್ಡ ಗಾಡಿ ಬೇಡ, ಒಂದು ಇರಲಿ, ಯಾವುದು ಅಂತ ನಾನು ಹೇಳಬೇಕು ಎಂದು ಸಾವುಕಾರರು ಕರೆಸಿದರು.

ಹಳೆಯ ಗಾಡಿಯ ಡ್ರೈವರ್ ಸವಣೂರಿನ ಚಾಚಾ. ಅರವತ್ತು ದಾಟಿತ್ತು. ಆ ಗಾಡಿ ಬಂದ ದಿನದಿಂದ ಅದರ ಸ್ಟೇರಿಂಗ್ ಹಿಡಿದವನು ಅವನೊಬ್ಬನೇ. ಜರ್ಮನ್ ಗಾಡಿ ಉಳಿದರೆ ತಾನೇ ಓಡಿಸುತ್ತೇನೆ ಎಂದು ಮಗ ಹೇಳಿಬಿಟ್ಟಿದ್ದ. ಹಳೆಯದು ಹೋದರೆ ಚಾಚಾನೂ ಮನೆಗೆ ಹೋಗಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು. ಚಾಚಾನಿಗೂ ಗೊತ್ತಿತ್ತು.

ಎರಡನ್ನೂ ವಾರವಿಡೀ ಗ್ಯಾರೇಜಿನಲ್ಲಿ ಇಟ್ಟುಕೊಂಡು ನೋಡಿದೆ. ಜರ್ಮನ್ ಗಾಡಿಯ ಒಳಗೆ ಕುಳಿತರೆ ಏಳಲು ಮನಸ್ಸಾಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೈವೇಯಲ್ಲಿ ತಡಸದ ತನಕ ಹೋಗಿ ಬಂದರೆ ಹೋದದ್ದೇ ತಿಳಿಯದು. ಆದರೆ ಅದು ನಿಂತಿರುವುದು ಗಾಳಿ ತುಂಬಿದ ಚೀಲಗಳ ಮೇಲೆ. ಒಂದು ಚೀಲ ಸೀಳಿದರೆ ಸಾಮಾನು ಮುಂಬೈಯಿಂದ ಬರಬೇಕು, ಬರುವ ತನಕ ಗಾಡಿ ಅಂಗಳದಲ್ಲಿ. ಹಳೆಯದಕ್ಕೆ ಸ್ಪ್ರಿಂಗು, ಕಬ್ಬಿಣದ ಚಾಸಿ, ಎಂಥ ಹಳ್ಳಿಯ ವೆಲ್ಡರ್ ಆದರೂ ಕೈ ಹಚ್ಚಬಹುದಾದ ಸಾಮಾನು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಇದನ್ನೆಲ್ಲ ಹೇಳಿ, "ಹಳೇದ ಇಟ್ಕೋರಿ" ಅಂದೆ.

ಸಾವುಕಾರರು ತಲೆಯಾಡಿಸಿದರು. "ಬಾಯಿಮಾತು ಸಾಲಂಗಿಲ್ಲ ಮೇಸ್ತ್ರಿ. ಎತ್ತು ತಗೊಳ್ಳೂವಾಗ ಹಲ್ಲು ನೋಡ್ತೇವಿ, ಸುಳಿ ನೋಡ್ತೇವಿ, ಕಡೀಕ ಎರಿಗೆ ಇಳಿಸಿ ನೋಡ್ತೇವೋ ಇಲ್ಲೋ? ಇದಕ್ಕ ಎತ್ತಿಗಿಂತ ಹೆಚ್ಚಿಗೆ ಕೊಡಾಕತ್ತೇವಿ. ಎರಡನ್ನೂ ಹೊಲಕ್ಕ ಇಳಸ್ರಿ."

ಮಗ ನಕ್ಕ. ನಾನೂ ಒಳಗೊಳಗೇ ನಕ್ಕೆ. ಆದರೆ ನಮ್ಮ ಕಡೆ ಆ ಪದ್ಧತಿಗೆ ಎದುರಾಡುವವರಿಲ್ಲ. ಮಳೆಯಾದ ಎರಡನೆಯ ದಿನ, ಮೇಲೆ ಒಣಗಿದಂತೆ ಕಂಡು ಒಳಗೆ ಹಸಿ ಇರುವ ಎರೆಯಲ್ಲಿ ಎತ್ತನ್ನು ಹೇರು ಬಂಡಿಗೆ ಹೂಡಿ ಈ ಬದುವಿನಿಂದ ಆ ಬದುವಿಗೆ ಹೊಡೆಯುತ್ತಾರೆ. ನಾಲ್ಕು ಮಂದಿ ಹಿರಿಯರು ನಿಂತು ನೋಡುತ್ತಾರೆ. ಬದುವಿಗೆ ಬಂದ ಮೇಲೆ ಯಾರೂ ಎತ್ತಿನ ಮೈ ಮುಟ್ಟುವಂತಿಲ್ಲ, ನೀರು ಕುಡಿಸುವಂತಿಲ್ಲ, ನೊಗ ಸಡಿಲಿಸುವಂತಿಲ್ಲ. ಹೇಗೆ ಬಂದಿತೋ ಹಾಗೇ ಇಳಿಯಬೇಕು.

ಎರಡು ದೊಡ್ಡ ಮಳೆ ಬಿದ್ದ ಮೇಲೆ ಹೊರಟೆವು. ಜರ್ಮನ್ ಗಾಡಿಯಲ್ಲಿ ತಂದೆ, ಮಗ. ಹಳೆಯದರಲ್ಲಿ ಚಾಚಾ ಮತ್ತು ನಾನು. ಹಿರೇಕೆರೂರಿಗೆ ಬಂದಾಗ ಮಧ್ಯಾಹ್ನದ ನಮಾಜಿನ ಹೊತ್ತು. ಮಸೀದಿಯ ಹತ್ತಿರ ಗಾಡಿ ನಿಲ್ಲಿಸಿ ಇಳಿಯುತ್ತ ಚಾಚಾ ಹೇಳಿದ: "ಬೇಟಾ, ನಾಲ್ಕೂ ಗಾಲಿದು ಅರ್ಧ ಗಾಳಿ ಇಳಿಸಿಬಿಡು. ತುಂಬಿದ ಟೈರು ಎರಿಯೊಳಗ ಕೊರಕೊಂತ ಕೆಳಗ ಹೋಗ್ತಾವ. ಮೆತ್ತಗಾದ್ರ ಅಗಲಾಗಿ ಮ್ಯಾಲ ತೇಲ್ತಾವ. ನಾ ನಮಾಜ್ ಮುಗಿಸಿ ಬರ್ತೇನಿ."

ನನಗೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. "ಆತ್ರಿ ಚಾಚಾ" ಅಂದೆ. ಅಷ್ಟರಲ್ಲಿ ಜರ್ಮನ್ ಗಾಡಿಯ ಸುತ್ತ ಮಂದಿ ಸೇರಿದರು. ಯಾರೋ ಎಂಜಿನ್ ತೋರಿಸಿ ಅಂದರು. ಕೇಳಬೇಕೇ ನನ್ನ ಕಥೆ? ಬಾನೆಟ್ ಎತ್ತಿಸಿ ಪಾಠ ಶುರುಮಾಡಿದೆ. ಯಾವುದು ಎಷ್ಟು ಬಾಳಿಕೆ ಬರುತ್ತದೆ, ಯಾವುದು ಬರೀ ಶೋಕಿ. ಮಂದಿ ತಲೆದೂಗಿದಷ್ಟೂ ನನ್ನ ದನಿ ಏರಿತು. ಚಹಾ ಬಂತು, ಕುಡಿದೆ. ಚಾಚಾ ಹಿಂದಿನಿಂದ ಬಂದು, "ಗಾಳಿ ಇಳಿಸಿದೇನು?" ಎಂದು ಕೇಳಿದಾಗಲೇ ನನಗೆ ನೆನಪಾದದ್ದು.

ಇಷ್ಟು ಜನರ ಮುಂದೆ ಮರೆತೆ ಅನ್ನುವುದು ಹೇಗೆ. "ಇಳಿಸೇನಿ ಚಾಚಾ" ಅಂದೆ. ಹೊಲದ ಹತ್ತಿರ ಇಳಿದಾಗ ಎರಡು ನಿಮಿಷದಲ್ಲಿ ಬಿಟ್ಟರಾಯಿತು, ಇವನಿಗೇನು ತಿಳಿಯುತ್ತದೆ ಎಂಬ ಲೆಕ್ಕ ನನ್ನದು.

ಊರು ದಾಟಿ ಚಕ್ಕಡಿ ದಾರಿಗೆ ಇಳಿದಾಗ ಚಾಚಾ ಸ್ಟೇರಿಂಗನ್ನು ಎರಡು ಸಲ ಅತ್ತಿತ್ತ ಆಡಿಸಿದ. "ಗಾಲಿ ಬಿಗಿ ಅನಸ್ತಾವಲ್ಲ ಬೇಟಾ?"

"ಕೆಸರ ದಾರಿರಿ, ಹಂಗ ಅನಸ್ತೈತಿ" ಅಂದೆ.

ಅವನು ನನ್ನ ಮುಖ ನೋಡಿದ. ಹದಿನಾಲ್ಕು ವರ್ಷ ಹಿಡಿದ ಸ್ಟೇರಿಂಗಿನ ಮಾತಿಗಿಂತ ನನ್ನ ಮಾತು ದೊಡ್ಡದೆಂದುಕೊಂಡನೋ ಏನೋ, ಗಾಡಿಯನ್ನು ಮುಂದಕ್ಕೆ ಬಿಟ್ಟ.

ಬದುವಿನ ಮೇಲೆ ಅಬಲೂರಿನ ನಾಲ್ವರು ಹಿರಿಯರು ಆಗಲೇ ಬೇವಿನ ಗಿಡದ ನೆರಳಲ್ಲಿ ಕುಳಿತಿದ್ದರು. ನಾನು ಇಳಿದು ಟೈರಿನ ಕಡೆ ಬಗ್ಗುವ ಮೊದಲೇ ಸಾವುಕಾರರು ಕೈ ಎತ್ತಿದರು. "ಮೇಸ್ತ್ರಿ, ಬದುವಿಗೆ ಬಂದಾತು. ಇನ್ನ ಯಾರೂ ಗಾಡಿ ಮುಟ್ಟಂಗಿಲ್ಲ." ಒಂದು ಮಾತು ಸಾಕಿತ್ತು. ತಡೀರಿ, ನಾನು ಒಂದು ಕೆಲಸ ಮರೆತೆ, ಅಂತ. ಹೇಳಲಿಲ್ಲ. ಮುದುಕ ಹೇಗೋ ದಾಟಿಸುತ್ತಾನೆ ಅಂದುಕೊಂಡೆ.

ಮೊದಲು ಮಗ ಜರ್ಮನ್ ಗಾಡಿ ಇಳಿಸಿದ. ಕುಂಟೆ ಹೊಡೆದು ಹರಗಿ ಬಿಟ್ಟಿದ್ದ ಹೊಲ. ಅರ್ಧದ ತನಕ ಚೆಂದ ಹೋಯಿತು. ಆಮೇಲೆ ಗಾಲಿಯ ಗೂಡಿನೊಳಗೆ ಎರೆ ಮೆತ್ತಿ ಮೆತ್ತಿ ಗಾಲಿ ತಿರುಗದಾಯಿತು, ಮುಂದಿನ ಫಲಕದಲ್ಲಿ ಇದ್ದಬದ್ದ ಕೆಂಪು ದೀಪಗಳೆಲ್ಲ ಹತ್ತಿದವು, ಗಾಡಿ ನಿಧಾನವಾಗಿ ಹೊಟ್ಟೆ ಊರಿ ಎಮ್ಮೆಯಂತೆ ಕುಳಿತುಬಿಟ್ಟಿತು. ಹಿರಿಯರೊಬ್ಬರು, "ಇದಕ್ಕ ಕಟ್ಟೀ ಮ್ಯಾಲ ಕುಂದರೂ ಚಟ ಐತಿ" ಅಂದರು. ಟ್ರ್ಯಾಕ್ಟರ್ ಕಟ್ಟಿ ಎಳೆದು ತಂದರು.

ಆಮೇಲೆ ಚಾಚಾ. ಕೆಳಗಿನ ಗೇರಿಗೆ ಹಾಕಿ, ಆತುರವಿಲ್ಲದೆ, ಎಷ್ಟು ನಯವಾಗಿ ಇಳಿಸಿದ ಅಂದರೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆದರೆ ತುಂಬಿದ ಟೈರು ಎರೆಯನ್ನು ಕೊರೆಯತೊಡಗಿತು. ಮೂವತ್ತು ಮಾರು ಹೋಗಿರಬಹುದು. ಗಾಡಿ ಸಿಕ್ಕಿಕೊಂಡಿತು. ಹಿಂದೆ ಮುಂದೆ ಆಡಿಸಿದ. ಇನ್ನೂ ಇಳಿಯಿತು. ಎಂಜಿನ್ ಆರಿಸಿ ಕೆಳಗಿಳಿದು, ಮೊಣಕಾಲ ತನಕ ಕೆಸರಲ್ಲಿ ನಡೆದು ಬಂದ.

ಸಾವುಕಾರರು ನನ್ನನ್ನೇ ಕೇಳಿದರು. "ಏನ್ ಮೇಸ್ತ್ರಿ, ಹಳೇದ ಚೊಲೋ ಅಂದ್ರಿ?"

ನಾನು ಬಾಯಿ ತೆರೆಯುವುದರೊಳಗೆ ಚಾಚಾ ಹೇಳಿದ. "ಗಾಡಿದು ತಪ್ಪಿಲ್ಲರಿ. ಗಾಳಿ ಸೈತ ಇಳಿಸಿತ್ತು. ನನ್ನ ಕೈದ ತಪ್ಪು."

ಅಲ್ಲಿಗಾದರೂ ನಾನು ಮಾತಾಡಬೇಕಿತ್ತು. ಅದರ ಬದಲು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ತಿನ್ನಲು ಗಿರಮಿಟ್ಟು, ಮಿರ್ಚಿ ಬಂದಿತ್ತು, ಎಲ್ಲರೂ ನೆರಳಿಗೆ ಹೋದರು. ಚಾಚಾ ಕಾಲು ತೊಳೆಯಲು ಬೋರಿನ ಕಡೆ ಹೋದ. ಗಾಲಿಗೆ ಏನು ಸಿಕ್ಕಿದೆಯೋ ನೋಡುತ್ತೇನೆ ಅಂತ ನಾನೊಬ್ಬನೇ ಗಾಡಿಯ ಹತ್ತಿರ ಹೋಗಿ, ವಾಲ್ವಿಗೆ ಕಡ್ಡಿ ಒತ್ತಿ ನಾಲ್ಕೂ ಟೈರಿನ ಅರ್ಧ ಗಾಳಿ ಇಳಿಸಿದೆ. ತಪ್ಪನ್ನು ಸರಿಮಾಡುತ್ತಿದ್ದೇನೆ ಅಂತಲೇ ನಾನು ತಿಳಿದದ್ದು. ಗಾಡಿ ಒಮ್ಮೆ ದಾಟಿದರೆ ಗಾಡಿಯೂ ಉಳಿಯುತ್ತದೆ, ಚಾಚಾನೂ ಉಳಿಯುತ್ತಾನೆ, ನನ್ನ ಮಾನವೂ ಉಳಿಯುತ್ತದೆ.

"ಒಮ್ಮೆ ನಾ ನೋಡ್ಲ್ಯಾ?" ಎಂದು ಕೂಗಿ ಕೇಳಿ, ಹತ್ತಿ ಕುಳಿತೆ. ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ಬಿಟ್ಟೆ. ಗಾಡಿ ಎರೆಯ ಮೇಲೆ ಹಾಯಾಗಿ ಆ ಬದುವಿಗೆ ಹೋಯಿತು, ತಿರುಗಿ ಈ ಬದುವಿಗೆ ಬಂತು. ಹಿರಿಯರು ಎದ್ದು ನಿಂತರು. ಸಾವುಕಾರರು ಬೆನ್ನು ಚಪ್ಪರಿಸಿದರು. "ಗಾಡಿ ಬಂಗಾರ ಐತಿ. ಹಿಡಿಯೂ ಕೈಗೆ ವಯಸ್ಸಾಗೇತಿ."

ಚಾಚಾ ಬೋರಿನ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ನಾನು ಗಾಡಿ ದಾಟಿಸಿದ್ದನ್ನು ನೋಡಿದ್ದ. ಹತ್ತಿರ ಬಂದು ನನಗೆ, "ಶಾಬ್ಬಾಸ್ ಬೇಟಾ" ಅಂದ. ಅವನು ಬೈದಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆನೇನೋ.

ಜರ್ಮನ್ ಗಾಡಿ ಪುಣೆಗೆ ವಾಪಸಾಯಿತು. ಹಳೆಯದು ಉಳಿಯಿತು, ಇವತ್ತೂ ಓಡುತ್ತಿದೆ. ಅದಕ್ಕೆ ಬ್ಯಾಡಗಿ ಕಡೆಯ ಹೊಸ ಡ್ರೈವರ್ ಬಂದ. ಚಾಚಾನನ್ನು ಸಾವುಕಾರರು ಗೌರವದಿಂದಲೇ ಕಳಿಸಿದರಂತೆ, ಶಾಲು ಹೊದಿಸಿ.

ಆಮೇಲೆ ತಡಸದಲ್ಲಿ ಕಲ್ಲಿನ ಕ್ವಾರಿ ಇರುವವರೊಬ್ಬರು ಒಳ್ಳೆ ಡ್ರೈವರ್ ಬೇಕು ಅಂದಾಗ ನಾನೇ ಚಾಚಾನ ಹೆಸರು ಹೇಳಿದೆ, ಪಾಪ ಕಳೆದುಕೊಳ್ಳುವ ಆಸೆಯಿಂದ. ಅವರು ಹೋಗಿ ಕೇಳಿ ಬಂದರು. "ಒಲ್ಲೆ ಅಂದ್ರು ನೋಡ್ರಿ. ನನ್ನ ಕೈ ಹೋಗ್ಯಾವ, ಮಂದೀನ ಕುಂದರಿಸಿಕೊಂಡು ಓಡಸೂದು ಬ್ಯಾಡ ಅಂದ್ರು." ಆಗ ನನಗೆ ನಿಜವಾಗಿ ಅರ್ಥವಾಯಿತು. ನಾನು ಅವನ ನೌಕರಿಯನ್ನು ಮಾತ್ರ ಕಳೆದಿರಲಿಲ್ಲ. ಗಾಳಿ ಇಳಿದಿದೆ ಎಂದು ನಾನು ಹೇಳಿದ್ದನ್ನು ಅವನು ನಂಬಿದ್ದ. ಅದೇ ಗಾಡಿಯನ್ನು ನಾನು ದಾಟಿಸಿದ್ದನ್ನು ಕಣ್ಣಾರೆ ಕಂಡಿದ್ದ. ಇನ್ನು ತನ್ನ ಕೈಯನ್ನಲ್ಲದೆ ಬೇರೆ ಯಾವುದನ್ನು ದೂರಬೇಕು ಅವನು?

ಹೋಗಿ ಹೇಳಬೇಕು ಅಂದುಕೊಂಡೆ. ಸವಣೂರಿಗೆ ಎಷ್ಟು ಸಲ ಹೋದೆನೋ, ಪ್ರತಿ ಸಲವೂ ಅವನ ಓಣಿ ತಪ್ಪಿಸಿ ಬಂದೆ. ಹಬ್ಬ ಮುಗಿಯಲಿ, ಮಳೆಗಾಲ ಹೋಗಲಿ ಅನ್ನುತ್ತ ನಾಲ್ಕು ವರ್ಷ ದೂಡಿದೆ. ಇಂಥ ಹೇಡಿತನಕ್ಕೆ ಕಾರಣಗಳು ಎಷ್ಟು ಬೇಕಾದರೂ ಹುಟ್ಟುತ್ತವೆ.

ಹೋದ ತಿಂಗಳು ಅದೇ ಗಾಡಿ ರಿಪೇರಿಗೆ ಬಂದಿತ್ತು. ಓಡಿಸಿ ನೋಡುವ ನೆಪದಲ್ಲಿ ಸವಣೂರಿಗೇ ತೆಗೆದುಕೊಂಡು ಹೋಗಿ ಚಾಚಾನ ಮನೆಯ ಮುಂದೆ ನಿಲ್ಲಿಸಿದೆ. ಅವನು ಕಟ್ಟೆಯ ಮೇಲೆ ಕುಳಿತು ವೀಳ್ಯದೆಲೆ ಕಟ್ಟುತ್ತಿದ್ದ. ನೋಡದೆಯೇ ಬೆರಳುಗಳು ಎಲೆ ಜೋಡಿಸುತ್ತಿದ್ದವು. ರೂಢಿ ಅಂದುಕೊಂಡೆ. ಕುಳಿತವನೇ ಹೇಳಿಬಿಟ್ಟೆ, ಕುಶಲ ಕೂಡ ಕೇಳದೆ.

"ಚಾಚಾ, ಅವತ್ತ ನಾ ಗಾಳಿ ಇಳಿಸಿರಲಿಲ್ಲರಿ. ಸುಳ್ಳು ಹೇಳಿದೆ."

ಬೆರಳುಗಳು ನಿಂತವು. "ನಾಲ್ಕೂ ಗಾಲಿದು?"

"ನಾಲ್ಕೂದು."

"ಮತ್ತ ನೀ ದಾಟಿಸಿದಿ?"

"ನೀವೆಲ್ಲ ಆ ಕಡೆ ಹೋದಾಗ ಇಳಿಸಿದೆ."

ಅವನು ಒಳಗೆ ಮುಖ ಮಾಡಿ ಹೆಂಡತಿಗೆ ಹೇಳಿದ. "ಕೇಳಿದೇನ? ನನ್ನ ಕೈಗೆ ಏನೂ ಆಗಿರಲಿಲ್ಲಂತ."

ಚಾಚಿ ಬಾಗಿಲಿಗೆ ಬಂದು ನನ್ನನ್ನು ನೋಡಿದರು. "ರಾತ್ರಿ ಎಲ್ಲಾ ಕೈ ತಿಕ್ಕೊಂತ ಕುಂದರತಿದ್ರಪ್ಪ" ಎಂದಷ್ಟೇ ಹೇಳಿ ಒಳಗೆ ಹೋದರು.

ನನಗೆ ಕುಳಿತಿರಲು ಆಗಲಿಲ್ಲ. ಏನಾದರೂ ಕೊಡಬೇಕು ಅನಿಸಿತು. ಕೀಲಿ ತೆಗೆದು ಅವನ ಕಡೆ ಚಾಚಿದೆ. "ಏಳ್ರಿ ಚಾಚಾ. ನಿಮ್ಮ ಗಾಡಿ ಇಲ್ಲೇ ನಿಂತೈತಿ. ನೀವ ಓಡಸ್ರಿ, ಬಂಕಾಪುರ ಮಟ ಹೋಗಿ ಬರೂಣು."

ಅವನು ನನ್ನ ಕಡೆ ತಿರುಗಿದ. ನೋಟ ನನ್ನ ಭುಜದ ಆಚೆ ಎಲ್ಲೋ ನಿಂತಿತ್ತು. ಚಾಚಿದ ಕೀಲಿಯ ಕಡೆ ಅವನ ಕೈ ಬರಲಿಲ್ಲ.

"ಕಣ್ಣಿನ ನರ ಒಣಗ್ಯಾವ ಅಂದ್ರು ಡಾಕ್ಟರ್. ಹ್ವಾದ ವರ್ಷದಿಂದ ಏನೂ ಕಾಣಂಗಿಲ್ಲ ಬೇಟಾ. ನಿನ್ನ ದನಿ ಮ್ಯಾಲೆ ಗುರ್ತ ಹಿಡದೆ" ಅಂದ. "ಅದರ ಮೊದಲ ಮೂರು ವರ್ಷ ಕಣ್ಣು ಚೊಲೋ ಇದ್ದುವು."