ನರ್ಸಮ್ಮನಿಗೆ ನಾನು ಹೇಳಿದ ಬಾಡಿಗೆ

ಬಾವಿಗೆ ಒಂದು ಹೊಸ ಹಗ್ಗ, ಎರಡಂಕಣದ ಮನೆಯ ಬಾಡಿಗೆ, ಮತ್ತು ಈ ಮೀಸೆಯ ಅರ್ಧ ಗತ್ತು. ಮಗಳ ಹೆರಿಗೆಗೆ ಈ ಸಲ ನನಗಾದ ಖರ್ಚು ಇಷ್ಟು.

ಹಗ್ಗ ದೊಡ್ಡದಲ್ಲ. ಬಾಡಿಗೆ ಹೋದರೆ ಹೋಯಿತು. ಮೀಸೆಯ ಗತ್ತು ಹೋದದ್ದು ಮಾತ್ರ ನಂಜನಗೂಡಿನ ಡಿಸ್ಪೆನ್ಸರಿಯ ಜಗಲಿಯ ಮೇಲೆ, ಹಾಡುಹಗಲು, ನಾಲ್ಕು ಜನರ ಎದುರು. ಯಾಕೆ ಹೋಯಿತು ಅಂತ ಹೇಳಿಬಿಡುತ್ತೇನೆ. ನಿಮಗಾದರೂ ಉಪಯೋಗಕ್ಕೆ ಬರಲಿ.

ಈ ಪತ್ರಿಕೆಯನ್ನು ವಾರವಾರ ಓದುವವರಿಗೆ ನಾನು ಹೊಸಬನಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಬೆಲ್ಲ ಮಾರಿ ಮೇಲೆ ಬಂದವನು. ಈಗ ಬನ್ನೂರಿನ ಆಲೆಮನೆಗಳಲ್ಲಿ ಕೊಂಡು ನಂಜನಗೂಡಿನಲ್ಲಿ ರೈಲಿಗೆ ಹಾಕುತ್ತೇನೆ. ಮೊದಲು ಹೇಳಿದ ಬೆಲೆಗೆ ಹುಟ್ಟಿದಾಗಿನಿಂದ ಏನನ್ನೂ ಕೊಂಡವನಲ್ಲ.

ಗೌರಿ ನನ್ನ ಒಬ್ಬಳೇ ಮಗಳು. ಎರಡನೆಯ ಹೆರಿಗೆಗೆ ನರಸೀಪುರಕ್ಕೆ, ತವರಿಗೆ ಬಂದಿದ್ದಳು. ಮೊದಲನೆಯದು ಉಳಿದಿರಲಿಲ್ಲ. ಮಗು ಅಡ್ಡ ತಿರುಗಿತ್ತು. ಊರಿನ ಸೂಲಗಿತ್ತಿ ಅಜ್ಜಿ ತನಗೆ ತಿಳಿದದ್ದನ್ನೆಲ್ಲ ಮಾಡಿದಳು, ತಾಯಿ ಉಳಿದಳು ಅಷ್ಟೆ. ಈ ಸಲವೂ ಅದೇ ಅಜ್ಜಿ ಬಂದು, ಗೌರಿಯ ಹೊಟ್ಟೆ ಮುಟ್ಟಿ ನೋಡಿ, ನನ್ನನ್ನು ಪಕ್ಕಕ್ಕೆ ಕರೆದಳು.

"ಈಗ್ಲೂ ಅಡ್ಡವೇ ಐತೆ ಕಣಪ್ಪ. ನನ್ ಕಣ್ಣೂ ಮಂಜಾಯ್ತು. ಯಾರಾದ್ರೂ ಕಲ್ತವ್ರನ್ನ ಕರ್ಕೊಂಬಾ."

(ತನ್ನ ಕೈಲಾಗದು ಅಂತ ಬಾಯಿಬಿಟ್ಟು ಹೇಳುವವರು ನಮ್ಮ ವ್ಯಾಪಾರದಲ್ಲಿ ಒಬ್ಬರೂ ಇಲ್ಲ.)

ಕಲಿತವರು ಎಲ್ಲಿದ್ದಾರೆ? ನಮ್ಮೂರ ಡಿಸ್ಪೆನ್ಸರಿಯಲ್ಲಿ ನರ್ಸಮ್ಮನ ಕುರ್ಚಿ ಎರಡು ವರ್ಷದಿಂದ ಖಾಲಿ. ಅದರ ಮೇಲೆ ಕಾಂಪೌಂಡರು ತನ್ನ ಪೇಟ ಇಡುತ್ತಾನೆ. ಅಮಲ್ದಾರರಿಗೆ ಊರವರೆಲ್ಲ ಅರ್ಜಿ ಬರೆದೆವು. ಮೊದಲ ರುಜು ನನ್ನದೇ. ಸರ್ಕಾರ ಕಣ್ಣು ಬಿಡಲಿಲ್ಲ ಅಂತ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಹೆಂಡತಿ ಬುತ್ತಿ ಕಟ್ಟಿಕೊಟ್ಟು, ನಂಜನಗೂಡಿನ ನರ್ಸಮ್ಮನನ್ನು ಕರೆತರದೆ ಮನೆ ಮೆಟ್ಟಿಲು ಹತ್ತಬೇಡಿ ಅಂದಳು. ಗಾಡಿ ಹೊಡೆಯುವ ಮಾದನಿಗೆ ದಾರಿಯುದ್ದಕ್ಕೂ ನನ್ನ ಲೆಕ್ಕಾಚಾರ ವಿವರಿಸಿದೆ: ಸರ್ಕಾರ ಕೊಡುವ ಸಂಬಳದ ಎರಡರಷ್ಟು ಅನ್ನುವುದು, ಒಂದೂವರೆಗೆ ಇಳಿಸುವುದು, ಮೇಲೆ ಒಂದು ಸೀರೆ.

"ಬೆಲ್ಲ ಆದ್ರೆ ಮುರಿದು ನೆಕ್ಕಿ ನೋಡ್ಬೋದು ಸಾ," ಅಂದ ಮಾದ. "ನರ್ಸಮ್ಮನ್ನ ಎಂಗ್ ನೋಡೀರಿ?"

ನಂಜನಗೂಡಿನ ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಬಸುರಿಯರು, ಬಾಣಂತಿಯರು, ಅಳುವ ಕೂಸುಗಳು. ಎರಡು ತಾಲ್ಲೂಕಿಗೆ ಒಬ್ಬಳೇ ನರ್ಸಮ್ಮ ಅಂದರೆ ಇನ್ನೇನಾಗುತ್ತದೆ? ಕವಲಂದೆಯ ಹೆಂಗಸೊಬ್ಬಳು ಚಾಪೆ ದಿಂಬಿನ ಸಮೇತ ಬಂದು ನಾಲ್ಕು ದಿನದಿಂದ ಅಲ್ಲೇ ಬಿಡಾರ ಹೂಡಿದ್ದಳು. ಊರಿಗೆ ಹೋದರೆ ಹೊತ್ತಿಗೆ ಸರಿಯಾಗಿ ಮತ್ತೆ ಬರಲಾದೀತೋ ಇಲ್ಲವೋ ಅಂತ ಅವಳ ಭಯ. ನಾನು ನರ್ಸಮ್ಮನನ್ನು ಹದಿನೈದು ದಿನಕ್ಕೆ ಕರೆದೊಯ್ಯಲು ಬಂದವನು ಅಂತ ತಿಳಿದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಕರ್ಕೊಂಡೋಗಿ ಸಾವ್ಕಾರ್ರೇ. ಅಂಗೇ ನನ್ನೂ ಗಾಡೀಲಾಕ್ಕೊಂಡೋಗಿ. ನಿಮ್ಮಟ್ಟೀಲೇ ಎರ್ತೀನಿ."

ಜಗಲಿಯೆಲ್ಲ ನಕ್ಕಿತು. ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತ ನರ್ಸಮ್ಮ ಹೊರಗೆ ಬಂದಳು. ನಾನು ಎದ್ದು, ಗೌರಿಯ ವಿಷಯ ಹೇಳಿ, ಸಂಬಳದ ಎರಡರಷ್ಟು ಅಂದೆ. ಆಕೆ ಶಾಂತವಾಗಿ ಕೇಳಿಸಿಕೊಂಡಳು.

"ನೀವು ನರಸೀಪುರದ ಬೆಲ್ಲದ ಸಾಹುಕಾರ್ರಲ್ವೇ? ಆ ಎರಡಂಕಣದ ಮನೆಗೆ ಬಾಡಿಗೆಯವರು ಸಿಕ್ಕಿದ್ರೇ?"

ಆಗ ಗುರುತು ಸಿಕ್ಕಿತು. ಸುಂದರಮ್ಮ. ಎರಡು ವರ್ಷಕ್ಕೂ ಹಿಂದೆ ನಮ್ಮೂರಿಗೇ ಕೆಲಸಕ್ಕೆ ಬಂದಿದ್ದವಳು.

ಆವತ್ತು ನಡೆದದ್ದು ಹೀಗೆ. ನಮ್ಮ ಮನೆಗೆ ಅಂಟಿಕೊಂಡೇ ನನ್ನದೊಂದು ಚಿಕ್ಕ ಮನೆಯಿದೆ, ಎರಡಕ್ಕೂ ಹಿತ್ತಿಲಲ್ಲಿ ಒಂದೇ ಬಾವಿ. ಸುಂದರಮ್ಮ ಅದನ್ನು ಬಾಡಿಗೆಗೆ ಕೇಳಿದಳು. ನಮ್ಮವ್ವ ನನ್ನನ್ನು ಒಳಗೆ ಎಳೆದುಕೊಂಡಳು. ದಿನಾ ಒಂದೊಂದು ಮನೆಯ ಹೆರಿಗೆ ಮುಗಿಸಿ ಬರುವವಳು, ದಿನಾ ಸೂತಕ, ಆ ಮೈಯಲ್ಲಿ ಬಂದು ನಮ್ಮ ಬಾವಿ ಮುಟ್ಟುವುದೇ? ಹೊಳೆಗೆ ಹೋಗಿ ಮುಳುಗಿ ಬಂದರೆ ಮಾತ್ರ ಸರಿ ಅಂದಳು.

ಸರ್ಕಾರದ ಹೆಂಗಸಿಗೆ ಇಲ್ಲ ಅನ್ನಲಾದೀತೇ? ನಾನು ವ್ಯಾಪಾರಸ್ಥ. ಇಲ್ಲ ಅನ್ನದೆಯೇ ಇಲ್ಲ ಅನ್ನುವುದು ನನಗೆ ಗೊತ್ತು. ಬಾಡಿಗೆಯನ್ನು ಮೂರು ಪಟ್ಟು ಮಾಡಿ, ಹೊಳೆಯ ಸ್ನಾನವನ್ನೂ ಸೇರಿಸಿ ಹೇಳಿದೆ. ಯೋಚಿಸುತ್ತೇನೆ ಅಂತ ಹೋದಳು. ನಾನು ಹೇಳಿದ ದರವನ್ನೇ ಬೀದಿಯವರೆಲ್ಲ ಹೇಳಿದರು. (ಬೆಲ್ಲಕ್ಕೂ ಹಾಗೇ ಮಾಡುತ್ತಾರೆ.) ಅವಳು ಮೂರು ತಿಂಗಳು ಡಿಸ್ಪೆನ್ಸರಿಯ ಉಗ್ರಾಣದಲ್ಲಿ ಫಿನಾಯಿಲ್ ಸೀಸೆಗಳ ಮಧ್ಯೆ ಮಲಗಿ, ಹೊಳೆಯಿಂದ ನೀರು ಹೊತ್ತು, ಕಡೆಗೆ ಟ್ರಾನ್ಸ್‌ಫರ್ ಮಾಡಿಸಿಕೊಂಡು ಹೋದಳು. ಮನೆ ಖಾಲಿಯೇ ಉಳಿಯಿತು. ಇಲಿಗಳು ಬಾಡಿಗೆ ಕೊಡದೆ ಸುಖವಾಗಿದ್ದವು. ನಾನು ಮಾತ್ರ ಜಾಣತನ ಮಾಡಿದೆ ಅಂತಲೇ ತಿಳಿದಿದ್ದೆ.

"ಅರ್ಜೀಲಿ ಮೊದಲ ರುಜು ನಿಮ್ಮದೇ ಅಂತೆ," ಅಂದಳು ಸುಂದರಮ್ಮ.

ನಾನು ಮೀಸೆಯಿಂದ ಕೈ ತೆಗೆದೆ.

ಜಗಲಿಯವರನ್ನು ಬಿಟ್ಟು ತಾನು ಬರುವಂತಿಲ್ಲ ಅಂತ ಆಕೆ ಖಂಡಿತವಾಗಿ ಹೇಳಿದಳು. ಆಮೇಲೆ ನಾನು ಕೇಳದಿದ್ದರೂ ಸರ್ಕಾರದ ಕಥೆ ಬಿಡಿಸಿ ಹೇಳಿದಳು. ಕಲಿಯಲು ಬರುವವರೇ ಕಡಿಮೆ. ಕಂಡವರ ಮನೆ ಕೊಳೆ ತೊಳೆಯುವವಳನ್ನು ಯಾರು ಮದುವೆಯಾಗುತ್ತಾರೆ ಅಂತ ಮನೆಯವರು ಬಿಡುವುದಿಲ್ಲ. ತನ್ನಂಥ ಗಂಡ ಸತ್ತವರು ಅತ್ತು ಕರೆದು ಬರಬೇಕು. ಕಲಿತು ಊರಿಗೆ ಬಂದರೆ ಮನೆಯಿಲ್ಲ, ನೀರಿಲ್ಲ. ಮೈಸೂರಿಗೇ ವಾಪಸು. ತನಗಿಂತ ಕಿರಿಯ ನರ್ಸು ರತ್ನಮ್ಮನಿಗೆ ನರಸೀಪುರದ ಆರ್ಡರು ಕೈಗೆ ಬಂದಿದೆ, ಆದರೂ ಅವಳು ಮೈಸೂರು ಬಿಟ್ಟಿಲ್ಲ.

"ಯಾಕೆ?" ಅಂದೆ.

"ನಾನೇ ಬೇಡ ಅಂದೆ. ನಿಮ್ಮೂರ ಬಾವಿ ವಿಷಯ ಹೇಳಿದೆ."

ಈ ರೋಗ ನನಗೆ ಚೆನ್ನಾಗಿ ಗೊತ್ತು. ಸರಕು ಇದೆ, ಗಾಡಿ ಇದೆ, ಅಂಗಡಿಯ ಹೆಸರು ಕೆಟ್ಟಿದೆ. ರತ್ನಮ್ಮ ಬರಲು ಎಷ್ಟು ಕೊಡಬೇಕು ಹೇಳಿ ಅಂದೆ.

"ದುಡ್ಡು ಬೇಡ. ಆ ಎರಡಂಕಣದ ಮನೇಲೇ ಇರ್ತಾಳೆ. ಹೆರಿಗೆ ಮುಗಿಸಿ ಸೋಪಿನಲ್ಲಿ ಕೈ ತೊಳೆದು ಬರ್ತಾಳೆ. ಹಾಗೇ ಬಂದು ನಿಮ್ಮ ಬಾವೀಲಿ ನೀರು ಸೇದ್ತಾಳೆ, ಬೀದಿಯೋರೆಲ್ಲ ನೋಡೋ ಹಾಗೆ. ಹೊಳೆಗೆ ಹೋಗಿ ಬಾ ಅನ್ನಕೂಡ್ದು."

ಆಳು ಸೇದಿ ಅವಳ ಕೊಡಕ್ಕೆ ಸುರಿದರೆ ಆಗದೇ ಅಂದೆ. ಆಗದು. ಬೆಳಿಗ್ಗೆಯೇ ಎರಡು ಕೊಡ ಬಾಗಿಲಿಗೆ ಇಟ್ಟರೆ? ಸುಂದರಮ್ಮ ಒಳಗೆ ಹೋಗಲು ತಿರುಗಿದಳು.

"ನೀವು ಆವತ್ತು ಒಂದು ಕಾಸು ಇಳಿಸಿದ್ರೇ?"

ಮೊದಲು ಹೇಳಿದ ಬೆಲೆಗೇ ಒಪ್ಪಿಕೊಂಡೆ. ಕವಲಂದೆಯ ಹೆಂಗಸು ಬಾಯಿಗೆ ಸೆರಗು ಹಿಡಿದಿದ್ದಳು. ಸುಂದರಮ್ಮ ಅಲ್ಲೇ ಕೂತು ರತ್ನಮ್ಮನಿಗೆ ಕಾಗದ ಬರೆದುಕೊಟ್ಟಳು.

ಮನೆಗೆ ಬಂದು ಹೇಳಿದೆ. ಅವ್ವ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಯಾವ ಜನವಂತ್ಲಾ ಅವ್ಳು?"

"ಹೆರಿಗೆ ಮಾಡಿಸೋ ಜನ ಕಣವ್ವ."

ಅವ್ವ ಮೊರ ಮತ್ತೆ ಎತ್ತಿಕೊಂಡು, ನನಗೆ ಬೆನ್ನು ಹಾಕಿ ಕೇರತೊಡಗಿದಳು.

ಮೂರನೆಯ ದಿನ ರತ್ನಮ್ಮ ರೈಲಿಳಿದು ಮಾದನ ಗಾಡಿಯಲ್ಲಿ ಬಂದಳು. ಕಡ್ಡಿಯಂಥ ಹೆಂಗಸು. ನೇರ ಗೌರಿಯ ಹತ್ತಿರ ಹೋದಳು. ಎಣ್ಣೆ ಹಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು, ಇಷ್ಟಿಷ್ಟೇ ಒತ್ತುತ್ತ, ನಡುನಡುವೆ ಕಿವಿಯಿಟ್ಟು ಕೇಳುತ್ತ ಬಹಳ ಹೊತ್ತು ಕೂತಳು. ಅವ್ವ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡಿದಳು. ಕಡೆಗೆ ರತ್ನಮ್ಮ, ತಲೆ ಕೆಳಗೆ ಬಂತು ಅಂದಳು. ಗೌರಿ ಅತ್ತಳು. ರತ್ನಮ್ಮ ಕೈ ತೊಳೆದು, ಕೊಡ ಎತ್ತಿಕೊಂಡು ಬಾವಿಗೆ ನಡೆದಳು.

ಹಿತ್ತಿಲ ಗೋಡೆಯ ಮೇಲೆ ಬೀದಿಯ ಹೆಂಗಸರ ತಲೆಗಳು ಸಾಲಾಗಿ ಎದ್ದವು. ಹಳೆಯ ಹಗ್ಗ ಒರಟು, ಕೊಡ ಭಾರ. ಅರ್ಧಕ್ಕೆ ಬಂದ ಕೊಡ ಬಾವಿಯ ಗೋಡೆಗೆ ಢಣ್ಣನೆ ಬಡಿಯಿತು. ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಟಳು. ಮುಗಿಯಿತು ಅಂದುಕೊಂಡೆ.

"ಇತ್ಲಾಗ್ ಕೊಡವ್ವ ಅಗ್ಗವ. ಅಂಗೈ ಬೊಬ್ಬೆ ಬಂದ್ರೆ ನನ್ ಮೊಮ್ಮಗಳ ಗತಿ ಏನು?"

ತಾನೇ ಎರಡು ಕೊಡ ಸೇದಿ ಕೊಟ್ಟಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

"ಏನ್ ನೋಡ್ತಾ ನಿಂತಿದ್ದೀರಿ? ನಿಮ್ಮಟ್ಟೀಲೂ ಸೊಸೇರವ್ರೆ."

ತಲೆಗಳು ಒಂದೊಂದಾಗಿ ಇಳಿದವು. ನನಗೆ ಹೊಸ ಹಗ್ಗ ತರುವ ಅಪ್ಪಣೆಯಾಯಿತು. ಬಾಡಿಗೆಯ ಮಾತೆತ್ತಕೂಡದು ಅನ್ನುವುದೂ ಅದರ ಜೊತೆಗೇ.

ಮುಂದಿನ ವಾರ, ಬೆಳಗಿನ ರೊಟ್ಟಿಯ ಹೊತ್ತಿಗೆ, ಒಳಗಿನಿಂದ ಕೂಸಿನ ಅಳು ಕೇಳಿತು. ಹೆಣ್ಣು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಕವಲಂದೆಯವಳಿಗೂ ಗಂಡು ಮಗುವಾಯಿತು, ಜಗಲಿಯಿಂದ ಚಾಪೆ ಎತ್ತಿದ್ದಾಳೆ ಅಂತ ಮಾದ ಸುದ್ದಿ ತಂದ.

ನಿಮ್ಮೂರಲ್ಲೂ ಆ ಕುರ್ಚಿ ಖಾಲಿಯೇ? ಅರ್ಜಿ ಆಮೇಲೆ ಬರೆಯಿರಿ. ಮೊದಲು ನೀರಿರುವ ಕಡೆ ಒಂದು ಮನೆಗೆ ಸುಣ್ಣ ಹೊಡೆಸಿ. ಮನೆಯ ಹಿರಿಯ ಹೆಂಗಸರನ್ನು ಒಪ್ಪಿಸಿ (ಇದಕ್ಕೇ ದಿನ ಹಿಡಿಯುವುದು, ಬೇಗ ಶುರು ಮಾಡಿ). ಬಳಗದ ಹುಡುಗಿ ಯಾರಾದರೂ ಈ ಕೆಲಸ ಕಲಿಯುತ್ತೇನೆ ಅಂದರೆ ಗಾಡಿ ಕಟ್ಟಿಸಿ ಕಳಿಸಿ.

ಇನ್ನು, ನರ್ಸಮ್ಮ ನಿಮ್ಮ ಬಾಗಿಲಿಗೆ ಬಂದು ಬಾಡಿಗೆ ಎಷ್ಟು ಅಂತ ಕೇಳಿದಾಗ ತಟ್ಟನೆ ಉತ್ತರ ಕೊಡಬೇಡಿ. ಒಳಗೆ ಹೋಗಿ ಒಂದು ಸಲ ಮಗಳ ಮುಖ ನೋಡಿ ಬಂದು ಹೇಳಿ.